ಅತ್ತೆ ಹೇಳದ ಕಾರಣ

೧೩ ಫೆಬ್ರುವರಿ, ಗುರುವಾರ. ಬ್ರಹ್ಮಪುರ, ಕಲಬುರಗಿ.

ಕೇಸು ಗೆದ್ದೆ. ಆದರೆ ಅತ್ತೆ ಇನ್ನೂ ಬಾಯಿ ಬಿಟ್ಟಿಲ್ಲ.

ಕಮಲಾಪುರದಲ್ಲಿ ನೀರಿನ ಟ್ಯಾಂಕು ಕಟ್ಟಿದರು, ಹನಿ ನೀರು ಬರಲಿಲ್ಲ. ಅದರ ಕಡತ ತೋರಿಸಿ ಎಂದು ಅತ್ತೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಟ್ಯಾಂಕು ಕಟ್ಟಿಸಿದ ಸರ್ಕಾರಿ ಕಚೇರಿಯವರು ಕೊಡಲಿಲ್ಲ. ಮಾಹಿತಿ ಆಯೋಗ ಕೊಡಿ ಎಂದಿತು. ಆ ಆದೇಶದ ವಿರುದ್ಧ ಕಚೇರಿಯವರು ಹೈಕೋರ್ಟಿಗೇ ಬಂದರು. ಒಬ್ಬ ಹೆಣ್ಣುಮಗಳಿಗೆ ನಾಲ್ಕು ಕಾಗದ ತೋರಿಸಲು ಎಷ್ಟು ಹೊಟ್ಟೆನೋವು! ಅತ್ತೆಯ ಪರ ನಾನೇ ವಕೀಲೆ.

ಇವತ್ತು ಕಲಬುರಗಿ ಪೀಠದಲ್ಲಿ ಕಚೇರಿಯ ವಕೀಲರು, "ಈ ಕಾಗದ ಯಾಕೆ ಬೇಕು ಅಂತ ಇವರು ಹೇಳೇ ಇಲ್ಲ" ಎಂದರು. ನಾನು ಎದ್ದು ನಿಂತೆ. ಕೇಳುವವರು ಕಾರಣ ಹೇಳಬೇಕಾಗಿಲ್ಲ, ಕಾನೂನೇ ಹಾಗಿದೆ ಎಂದೆ. ನ್ಯಾಯಮೂರ್ತಿಗಳು ಒಪ್ಪಿ, ಆಯೋಗದ ಆದೇಶವನ್ನು ಎತ್ತಿಹಿಡಿದರು. ಹಿಂದಿನ ಬೆಂಚಿನಲ್ಲಿದ್ದ ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಆಕಿ ನಮ್ಮ ಸೊಸಿರೀ" ಎಂದು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು. ಆ ಮಾತು ಕಿವಿಯಲ್ಲಿ ಇನ್ನೂ ಇದೆ. ತೀರ್ಪಿಗಿಂತ ಅದೇ ದೊಡ್ಡದಾಗಿದೆ.

ಊರಿಂದ ತಂದ ಕೆಂಪು ಬಾಳೆಹಣ್ಣಿನ ಚೀಲವನ್ನು, ಯಾರಾದರೂ ಲಂಚ ಎಂದಾರೆಂದು, ತೀರ್ಪು ಬರುವ ತನಕ ಅತ್ತೆ ಬಿಚ್ಚಿರಲಿಲ್ಲ. ಮನೆಗೆ ಬಂದು ಬಿಚ್ಚಿದರು. ಆಗ ಕೇಳಿದೆ: "ಅತ್ತಿ, ಈಗರೆ ಹೇಳ್ರಿ. ಆ ಕಾಗದ ತಗೊಂಡು ಏನ್ ಮಾಡ್ತೀರಿ?"

"ಕಾರಣ ಹೇಳೋ ಜರೂರತ್ ಇಲ್ಲಂತ ಕೋರ್ಟಿನಾಗ ನೀನೇ ಹೇಳಿದಿ. ನಿನಗೂ ಹೇಳಂಗಿಲ್ಲ. ಹಣ್ಣು ತಿನ್ನು."