ಗೆರೆ ದಾಟಿದ ಒಲೆ

ಮಾರ್ಚ್ ೧೨, ಮಂಗಳವಾರ

ಖುಷಿಗೋ ಸಿಟ್ಟಿಗೋ, ನಿದ್ದೆ ಹತ್ತುತ್ತಿಲ್ಲ. ನನ್ನ ಹಳೆಯ ಧಣಿ ಇವತ್ತು ತನ್ನ ಹೊಸ ಇಂಡಕ್ಷನ್ ಒಲೆ ಹೊರಿಸಿಕೊಂಡು ನಮ್ಮ ಪರೀಕ್ಷಾ ಕೇಂದ್ರಕ್ಕೇ ಬಂದಿದ್ದ. ಇಲ್ಲಿ ಪಾಸಾಗದೆ ಅದನ್ನು ಮಾರುವಂತಿಲ್ಲ.

ಅವನ ಕಾರ್ಖಾನೆಯಲ್ಲಿದ್ದಾಗ ನಾನು ಹೇಳಿದ್ದು ಇಷ್ಟೇ: ಖರ್ಚು ಉಳಿಸಲೆಂದು ಗದ್ದಲ ತಡೆಯುವ ಫಿಲ್ಟರನ್ನೇ ಕಿತ್ತುಹಾಕಿದರೆ ಒಲೆಯ ವಿದ್ಯುತ್ಕಾಂತೀಯ ಗದ್ದಲಕ್ಕೆ ಪಕ್ಕದಲ್ಲಿದ್ದವರ ಶ್ರವಣಯಂತ್ರವೂ ಗುಂಯ್‌ಗುಡುತ್ತದೆ. "ನಿನ್ನ ಪಾಠ ಯಾರಿಗೆ ಬೇಕು? ನಾಳೆಯಿಂದ ಬರಬೇಡ" ಎಂದು ಎಲ್ಲರೆದುರಿಗೇ ಹೊರಗಟ್ಟಿದ್ದ.

ಇವತ್ತು ಪರದೆಯ ಮೇಲೆ ಅವನ ಒಲೆಯ ಗದ್ದಲ ಮಿತಿಯ ಗೆರೆ ದಾಟಿ ಮೇಲೆದ್ದಿತು. ಆಗಲೇ ಕಣ್ಣಿಗೆ ಬಿತ್ತು, ಒಲೆಯ ವೈರನ್ನು ನಿಯಮದಂತೆ ಹಾಸಿರಲಿಲ್ಲ; ಅದರಿಂದಲೂ ಅಳತೆ ಏರಿರಬಹುದು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ನುಸುಳಿಕೊಳ್ಳಲು ಒಂದು ಕಿಂಡಿಯೂ ಉಳಿಯಬಾರದಲ್ಲ. ನಾನೇ ವೈರು ಸರಿಪಡಿಸಿ ಮತ್ತೆ ಅಳೆದೆ. ಆಗಲೂ ಗೆರೆ ದಾಟಿತು.

"ಮೇಡಂ, ನೀವು ನಮ್ಮವರೇ ಅಲ್ವಾ, ಸ್ವಲ್ಪ ನೋಡಿ" ಎಂದ, ದನಿ ತಗ್ಗಿಸಿ.

"ನೋಡಿದೆ ಸಾರ್. ಎರಡು ಸಲ ನೋಡಿದೆ."

ಅವನ ಮುಖ ಇಂಗು ತಿಂದ ಮಂಗನಂತಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

ಊಟಕ್ಕೆ ಬಡಿಸುವಾಗ ಅಕ್ಕ, "ಯಾಕೇ, ಒಬ್ಬಳೇ ನಗ್ತಿದ್ದೀಯಾ?" ಎಂದಳು. ಎಲ್ಲ ಹೇಳಿದೆ. "ಪಾಪ, ಅವನೂ ಹೊಟ್ಟೆಪಾಡಿಗೆ ತಾನೇ ಮಾಡೋದು" ಎಂದಳು. ನನ್ನ ಕೆಲಸ ಕಿತ್ತುಕೊಂಡಾಗ ಅವನ ಬಾಯಲ್ಲಿ ಆ ಪಾಪ ಬರಲಿಲ್ಲ. ಅರ್ಧಕ್ಕೇ ಎದ್ದು ಬಂದೆ.

ಮುಂದಿನ ವಾರ ಒಲೆ ಸರಿಮಾಡಿ ತಂದಾನು. ಪಾಸೂ ಆದೀತು. ಸಹಿ ಹಾಕಬೇಕಾದವಳು ನಾನೇ, ಹಾಕುತ್ತೇನೆ. ಅದಕ್ಕೆ ಮುಂಚೆ ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಂದು ಪರೀಕ್ಷೆಯನ್ನೂ ಬಿಡದೆ, ನಿಧಾನವಾಗಿ, ತುಂಬಾ ನಿಧಾನವಾಗಿ ಅಳೆಯುತ್ತೇನೆ.