ವಾಸನೆ ಬರುತ್ತಾ?

ಕೊಪ್ಪ,
೧೯ ನವೆಂಬರ್ ೧೯೮೧

ಪ್ರಿಯ ಉಮಾಮಹೇಶ್ವರ,

ಸಲಾಂ ಮಾರಾಯ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾರ್ಡು ಮಳೆಗಾಲ ಮುಗಿಯುವ ಹೊತ್ತಿಗೇ ಬಂದಿತ್ತು. ಅದರಲ್ಲಿದ್ದದ್ದು ಒಂದೇ ಸಾಲು: ‘ತಾಹೇರಾಗೆ ವಾಸಿಯಾಯಿತೇ?’ ನಿನ್ನಂಥ ಕನ್ನಡ ಮೇಷ್ಟರಿಗೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಬೇಕೆಂದು ಹಲವು ಸಲ ಕೂತೆ. ‘ವಾಸಿಯಾಗಲಿಲ್ಲ, ವಾಸನೆಯಾಯಿತು’ ಎಂದು ಬರೆದೆ. ಬರೆದ ಮೇಲೆ, ಪರವಾಗಿಲ್ಲ, ಚೆನ್ನಾಗಿ ಬಂದಿದೆ ಅನ್ನಿಸಿತು. ಮಗಳ ಕಷ್ಟದಲ್ಲೂ ಶ್ಲೇಷೆ ಹುಡುಕುತ್ತೇನಲ್ಲ ಎಂದು ನಾಚಿಕೆಯಾಗಿ ಹರಿದು ಹಾಕಿದೆ. ತಡವಾದದ್ದಕ್ಕೆ ಕಾರಣ ಅಷ್ಟೇ. ಕ್ಷಮಿಸು.

ಡಾಕ್ಟರ್ ಸುಬ್ಬಪ್ಪನವರಿಗೆ ಒಮ್ಮೆ ತೋರಿಸು ಎಂದವನು ನೀನು. ಆದ್ದರಿಂದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ಶಿಕ್ಷೆಯೂ ನಿನಗೇ.

ಪೀನಸ ಎಂದರೆ ಮೂಗಿನೊಳಗೆ ಹಕ್ಕಳೆ ಕಟ್ಟಿ ಕೊಳೆಯುವ ರೋಗ. ಹತ್ತಿರ ಬಂದವರು ನಿಲ್ಲಲಾಗದಷ್ಟು ನಾತ. ರೋಗಿಗೆ ಮಾತ್ರ ಏನೂ ತಿಳಿಯುವುದಿಲ್ಲ. ವಾಸನೆ ಹಿಡಿಯುವ ಶಕ್ತಿಯನ್ನೇ ರೋಗ ಮೊದಲು ತಿಂದು ಹಾಕಿರುತ್ತದೆ. ಅದೊಂದೇ ಅದರ ಕರುಣೆ ಎಂದು ನಾನೂ ನಿನ್ನ ಅತ್ತಿಗೆ ರಹಮತ್ ಬೀಯೂ ಅಂದುಕೊಂಡಿದ್ದೆವು. ತಾಹೇರಾಗೆ ನಾವು ಹೇಳಿದ್ದು ‘ಹಳೇ ನೆಗಡಿ’ ಎಂದು. ಇದೆಲ್ಲ ಆದದ್ದು ಯಾರ ಮನೆಯಲ್ಲಿ? ಅತ್ತರು ಮಾರುವವನ ಮನೆಯಲ್ಲಿ! ಕಾಲೇಜಿನ ದಿನಗಳಲ್ಲಿ ನಮ್ಮ ಅಂಗಡಿಗೆ ಬಂದಾಗ ಬೋರ್ಡು ನೋಡಿ ನಗುತ್ತಿದ್ದೆಯಲ್ಲ: “ಬರೀ ‘ಅತ್ತರು’ ಅಂತ ಬರೆಸಿದ್ದಾರಲ್ಲೋ ನಿಮ್ಮಪ್ಪ. ಕ್ರಿಯಾಪದ ಇದೆ, ಕರ್ತೃ ಎಲ್ಲಿ? ಅತ್ತವರು ಯಾರು?” ಬೋರ್ಡು ಈಗಲೂ ಹಾಗೇ ಇದೆ.

ತಾಹೇರಾ ಅಂಗಡಿಯಲ್ಲಿ ನನ್ನ ಪಕ್ಕ ಕೂರುವುದು ಚಿಕ್ಕಂದಿನ ಅಭ್ಯಾಸ. ಒಮ್ಮೆ ಬಾಳಗಡಿಯ ಮಂಜಯ್ಯ ಊದುಬತ್ತಿಗೆ ಬಂದವರು ಮೂಗು ಸಿಂಡರಿಸಿ, “ಎಂತ ಸಾಹೇಬ್ರೇ, ಒಳಗೆ ಇಲಿ ಸತ್ತಿದ್ಯಾ ಎಂತ?” ಎಂದರು. “ಹೌದು ಮಾರಾಯ್ರೇ, ಗುಲಾಬಿ ಅತ್ತರು ಕುಡಿದು ಸತ್ತಿದೆ. ನವಾಬರ ಇಲಿ” ಎಂದೆ. ತಾಹೇರಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಅಂದಿನಿಂದ ಯಾರು ಮೂಗು ಮುಚ್ಚಿಕೊಂಡರೂ ನಮ್ಮ ಅಂಗಡಿಯಲ್ಲಿ ಒಂದು ಇಲಿ ಸಾಯುತ್ತಿತ್ತು.

ತರೀಕೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ಶರಬತ್ತಿನ ಲೋಟ ಅವಳ ಕೈಯಿಂದ ತೆಗೆದುಕೊಂಡದ್ದೇ ತಡ, ಬಸ್ಸಿನ ನೆಪ ಹೇಳಿ ಎದ್ದರು. “ಅಬ್ಬಾ, ನನ್ನ ಹಲ್ಲು ಮುಂದಿದೆ ಅಂತಾನಾ?” ಎಂದು ತಾಹೇರಾ ನನ್ನನ್ನು ಕೇಳಿದಳು. “ಹೌದಮ್ಮ, ಹೆದರಿದ್ರು. ಈ ಹುಡುಗಿ ಅತ್ತೇನ ಕಚ್ತಾಳೆ ಅಂತ” ಎಂದೆ. ಅದಕ್ಕೂ ನಕ್ಕಳು. ಅಡುಗೆಮನೆಯಿಂದ ರಹಮತ್ ಬೀಯ ದನಿ ಬಂತು: “ಮಾತಿಗೆ ಅತ್ತರು ಹಚ್ಚಿ ಎಷ್ಟು ದಿವಸ ಅಂತ ಮುಚ್ಚಿಡ್ತೀರಿ?” ಆಗಲೇ ನಿನ್ನ ಸಲಹೆ ನೆನಪಾದದ್ದು.

ಸುಬ್ಬಪ್ಪನವರು ಕರಾವಳಿಯ ಒಂದು ಮೆಡಿಕಲ್ ಕಾಲೇಜಿನಿಂದ ಬಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪೀನಸದ ರೋಗಿಗಳನ್ನೆಲ್ಲ ಕಲೆಹಾಕುತ್ತಿದ್ದರು. ಕೆಲವರಿಗೆ ಗ್ಲಿಸರಿನ್‌ನಲ್ಲಿ ಗ್ಲೂಕೋಸ್ ಬೆರೆಸಿದ ಹನಿ. ಕೆಲವರಿಗೆ ಆಪರೇಷನ್ ಮಾಡಿ ಮೂಗಿನ ಹೊಳ್ಳೆಗಳನ್ನೇ ಹೊಲಿದು ಮುಚ್ಚುವುದು. ಗಾಳಿ ಆಡದಿದ್ದರೆ ಒಳಗೆ ಮಾಯುತ್ತದೆ, ಆಮೇಲೆ ತೆರೆಯಬಹುದು ಎಂಬ ಆಸೆ. ಯಾರಿಗೆ ಯಾವುದೆಂದು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮೇಗುಂದದ ಜಲಜಮ್ಮನಿಗೆ ಹನಿ ಬಂತು, ನಮ್ಮವಳಿಗೆ ಹೊಲಿಗೆ.

“ಚೀಟಿ ಎಂತಕ್ಕೆ ಡಾಕ್ಟ್ರೇ? ಯಾವುದು ಒಳ್ಳೇದೋ ಅದನ್ನೇ ಕೊಡಿ” ಎಂದರು ಜಲಜಮ್ಮ.

“ಯಾವುದು ಒಳ್ಳೇದು ಅಂತ ಗೊತ್ತಿದ್ದಿದ್ರೆ ಸಂಶೋಧನೆ ಎಂತಕ್ಕಮ್ಮ?” ಎಂದರು ಸುಬ್ಬಪ್ಪ.

ಡಾಕ್ಟರೊಬ್ಬರ ಬಾಯಲ್ಲಿ ಅಷ್ಟು ಪ್ರಾಮಾಣಿಕವಾದ ಮಾತು ಕೇಳಿ ನನಗೆ ಭಯವೇ ಆಯಿತು.

ಚೀಟಿಗೂ ಮೊದಲು ಅವರು ಕಾಫಿಪುಡಿಯ ಸೀಸೆಯನ್ನು ತಾಹೇರಾಳ ಮೂಗಿನ ಬಳಿ ಹಿಡಿದು, “ವಾಸನೆ ಬರುತ್ತಾ?” ಎಂದು ಕೇಳಿದ್ದರು. “ಇಲ್ಲ” ಎಂದಳು. ನಮ್ಮ ಕನ್ನಡ ನೋಡು ಮಾರಾಯ: ಮೂಗಿಗೆ ತಿಳಿಯುವುದೂ ‘ಬರುವುದೇ’, ಮೈಯಿಂದ ಹೊರಡುವುದೂ ‘ಬರುವುದೇ’. ನಮ್ಮ ಮನೆಯ ಉರ್ದುವೂ ಅಷ್ಟೇ, ಈ ವಿಷಯದಲ್ಲಿ ಇಬ್ಬರೂ ಅಕ್ಕತಂಗಿಯರು. ಎರಡು ಅರ್ಥವೆಂದರೆ ಪ್ರಾಣ ಬಿಡುವ ನಾನು, ಆ ಎರಡನೆಯ ಅರ್ಥ ಅವಳಿಗೆ ಹೊಳೆಯದಿರಲಿ ಎಂದು ಹಿಂದೆ ನಿಂತು ದುವಾ ಮಾಡಿದೆ.

ಹೊಳ್ಳೆ ಮುಚ್ಚಿದ್ದ ತಿಂಗಳುಗಳೇ ನಮ್ಮ ಮನೆಯ ಹಬ್ಬ. ಬಾಯಲ್ಲೇ ಉಸಿರಾಡಬೇಕು, ಗಂಟಲೊಣಗುತ್ತದೆ, ನಿದ್ದೆ ಸರಿಯಿಲ್ಲ. ಆದರೂ ಹಬ್ಬ. ‘ಮ’ಕಾರ ಅವಳ ಬಾಯಿಂದ ರಾಜೀನಾಮೆ ಕೊಟ್ಟು ಆ ಜಾಗಕ್ಕೆ ‘ಬ’ಕಾರ ಬಂದು ಕೂತಿತು. “ಅಮ್ಮಾ” ಎಂದು ಕರೆದರೆ “ಅಬ್ಬಾ” ಎಂದು ಕೇಳುತ್ತಿತ್ತು; ಯಾರನ್ನೆಂದು ತಿಳಿಯದೆ ಇಬ್ಬರೂ ಓಡುತ್ತಿದ್ದೆವು. ಅನುನಾಸಿಕಗಳ ಪಾಠಕ್ಕೆ ನೀನು ಅವಳನ್ನೇ ಕರೆಸಿಕೊಳ್ಳಬಹುದಿತ್ತು. ನಾತ ಪೂರ್ತಿ ನಿಂತಿತ್ತು. ರಹಮತ್ ಬೀ ಅವಳ ತಲೆ ಬಾಚಿದ ಮೇಲೂ ಏಳುತ್ತಿರಲಿಲ್ಲ; ಕೆನ್ನೆಗೆ ಕೆನ್ನೆ ತಾಗಿಸಿಕೊಂಡು, ಬೇರೆ ಕೆಲಸವೇ ಇಲ್ಲದವಳ ಹಾಗೆ ಕೂತಿರುತ್ತಿದ್ದಳು. ಅಂಗಡಿಯಲ್ಲಿ ಇಲಿಗಳು ಸಾಯುವುದನ್ನು ಬಿಟ್ಟವು.

ಈ ಬೇಸಿಗೆಯಲ್ಲಿ ಹೊಳ್ಳೆ ತೆರೆದರು. ಅದೇ ಕಾಫಿಪುಡಿ, ಅದೇ ಪ್ರಶ್ನೆ. ತಾಹೇರಾ ಕಣ್ಣು ಅಗಲಿಸಿ “ಬರುತ್ತೆ!” ಎಂದಳು. “ಎಂತದ್ದು ಹೇಳು ನೋಡುವ” ಎಂದರು ಸುಬ್ಬಪ್ಪ. “ಕಾಫಿ. ಸ್ವಲ್ಪ ಸೀದಿದೆ.” ಡಾಕ್ಟರು ಪೆನ್ನು ಕೆಳಗಿಟ್ಟು ಮಗುವಿನಂತೆ ನಕ್ಕುಬಿಟ್ಟರು. ಆಮೇಲೆ ಇವಳನ್ನು ಹಿಡಿಯುವವರಿಲ್ಲ. ಅಂಗಡಿಯ ಖಸ್, ಕೇದಗೆ, ಗಂಧ ಎಲ್ಲದರ ಮುಚ್ಚಳ ತೆಗೆದಳು. ಬಸ್ಸಿನ ಡೀಸೆಲ್ಲನ್ನೂ ಉಸಿರೆಳೆದು ಆಸ್ವಾದಿಸಿದಳು. ಒಂದು ದಿನ ನನ್ನ ಟೋಪಿ ಎತ್ತಿ ಮೂಸಿ, “ಥೂ ಅಬ್ಬಾ, ನಾರುತ್ತೆ!” ಎಂದಳು. ಅದಕ್ಕಿಂತ ಚೆಂದದ ಹೊಗಳಿಕೆ ನನಗೆ ಜನ್ಮದಲ್ಲಿ ಸಿಕ್ಕಿಲ್ಲ. ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮಳೆಗಾಲದಲ್ಲಿ ಹಕ್ಕಳೆ ಮತ್ತೆ ಕಟ್ಟಿತು. ಉಪ್ಪುನೀರಲ್ಲಿ ತೊಳೆದದ್ದಾಯಿತು, ಜಲಜಮ್ಮನ ಹನಿಯನ್ನೂ ಬಿಟ್ಟದ್ದಾಯಿತು. ಜಲಜಮ್ಮನಿಗೂ ಅದರಿಂದ ಏನೂ ಆಗಿಲ್ಲ, ಎದುರಿನವರಿಗೆ ನಾತ ತಾಗದಿರಲೆಂದು ಸೆರಗು ಈಗಲೂ ಮೂಗಿನ ಮೇಲೇ. ಸುಬ್ಬಪ್ಪ ಹಣೆಗೆ ಕನ್ನಡಿ ಕಟ್ಟಿಕೊಂಡು ಬಹಳ ಹೊತ್ತು ಬಗ್ಗಿ ನೋಡಿದರು, ಆಮೇಲೆ ಕನ್ನಡಿ ಬಿಚ್ಚಿದರು. ತಾಹೇರಾಳನ್ನು ಹೊರಗೆ ಕೂರಿಸಿ ಬಂದು ನಾನೇ ಕೇಳಿದೆ: “ಮತ್ತೆ ಮುಚ್ಚಿಬಿಡಿ ಡಾಕ್ಟ್ರೇ. ಶಾಶ್ವತವಾಗಿ.”

“ಆ ಚರ್ಮ ಇನ್ನು ಹೊಲಿಗೆ ಹಿಡಿಯೋದಿಲ್ಲ ಸಾಹೇಬ್ರೇ. ನನ್ನ ಹತ್ರ ಬೇರೆ ಎಂತದೂ ಇಲ್ಲ.” ನನ್ನ ಮುಖ ನೋಡದೆ ಹೇಳಿದರು: “ಪೀನಸ ಮರುಕಳಿಸಿದೆ. ಆದರೆ ವಾಸನಾಶಕ್ತಿ ಉಳಿದಿದೆ. ವರದಿಯಲ್ಲಿ ಅದನ್ನ ನಾನು ಸುಧಾರಣೆ ಅಂತಲೇ ಬರೀಬೇಕಾಗುತ್ತೆ.”

“ಬರೀರಿ. ಸುಳ್ಳೇನಲ್ಲವಲ್ಲ” ಎಂದೆ. ಅವರನ್ನು ಬಯ್ಯುವ ಹಾಗಿಲ್ಲ ಮಾರಾಯ. ಒಳ್ಳೆಯ ಮನುಷ್ಯ. ಇನ್ನೊಬ್ಬ ಡಾಕ್ಟರು ಯಾರಿಗಾದರೂ ತೋರಿಸು ಎಂದು ನೀನು ಬರೆಯುತ್ತೀ, ಗೊತ್ತು. ಬರೆಯಬೇಡ. ತೋರಿಸಬೇಕಾದವರಿಗೆಲ್ಲ ತೋರಿಸಿ ಆಯಿತು. ಶಿಫಾ ಎಂದರೆ ನಮ್ಮಲ್ಲಿ ರೋಗ ಗುಣವಾಗುವುದು. ಶಫಿ ಎಂಬ ಹೆಸರಿನ ನನ್ನ ಮನೆಗೆ ಅದು ಬರಲಿಲ್ಲ, ಗುಣಿತಾಕ್ಷರದಲ್ಲಿ ತಪ್ಪಿಹೋಯಿತು.

ಸೀತಕ್ಕನಿಗೆ ನನ್ನ ಸಲಾಂ ತಿಳಿಸು. ನಿನ್ನ ಮಾಣಿ ಚೆನ್ನಾಗಿ ಓದಿ ದೊಡ್ಡ ಮನುಷ್ಯನಾಗಲಿ; ನಿಮ್ಮ ಮನೆಯ ಬಾಗಿಲಿಗೆ ಬಂದವರೆಲ್ಲ ನಗುನಗುತ್ತ ಒಳಗೆ ಬರಲಿ, ನಿಧಾನವಾಗಿ ಕೂತು ಊಟ ಮಾಡಿಕೊಂಡು ಹೋಗಲಿ. ಈಚೆಗೆ ನನಗೆ ಗೊತ್ತಿರುವ ದೊಡ್ಡ ಹಾರೈಕೆ ಅದೇ.

ನಿನ್ನ,
ಮಹಮ್ಮದ್ ಶಫಿ

ತಾ. ಕ.: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆದುಬಿಡುತ್ತೇನೆ. ಹೋದ ವಾರ ಅಂಗಡಿ ತೆರೆದು ಕೂತಿದ್ದೆವು. ತಾಹೇರಾ ಮೂಗರಳಿಸಿ, “ಅಬ್ಬಾ, ಇಲಿ ಸತ್ತಿದೆ!” ಎಂದಳು. ಇಷ್ಟು ವರ್ಷ ಬೇರೆಯವರೇ ಹೇಳುತ್ತಿದ್ದ ಇಲಿಯನ್ನು ತಾನೇ ಕಂಡುಹಿಡಿದ ಸಂಭ್ರಮ. ನಾನೇನು ಮಾಡಲಿ? ಹುಡುಕಿದೆ. ಸೀಸೆಗಳನ್ನು ಇಳಿಸಿದೆ, ಕಪಾಟು ಸರಿಸಿದೆ. ಅವಳೂ ದುಪಟ್ಟಾ ಬಿಗಿದುಕೊಂಡು ಮೂಲೆಮೂಲೆಗೆ ಬಗ್ಗಿದಳು. “ಇಲ್ಲೂ ಇದೆ ಅಬ್ಬಾ.” “ಈ ಕಡೆಯೂ ಇದೆ.” ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಿದಳು. ಅಲ್ಲೂ ಇತ್ತು. ಒಳಗೆ ಬಂದು, ನಾನು ಇಳಿಸಿದ ಸೀಸೆಗಳನ್ನು ಒಂದೊಂದಾಗಿ ವಾಪಸು ಜೋಡಿಸುತ್ತ ಕೇಳಿದಳು: “ನಮ್ಮ ಅಂಗಡೀಲಿ ಯಾವತ್ತೂ ಇಲಿ ಸತ್ತೇ ಇರ್ಲಿಲ್ಲ, ಅಲ್ವಾ?”

ನಾನು ಕಪಾಟನ್ನು ಮತ್ತೆ ಗೋಡೆಗೆ ಸರಿಸಿದೆ.

“ಅಬ್ಬಾ, ವಾಸನೆ ಬರುತ್ತಾ?”

ಎರಡು ಅರ್ಥದ ಮಾತಿಗೆ ಮೂರನೆಯದನ್ನು ಹುಡುಕಿ ಕೊಡುತ್ತಿದ್ದ ನಾನು, “ನನಗೆ ನೆಗಡಿ ಮಗಳೇ” ಎಂದೆ.

ಈಗಲೂ ಅಂಗಡಿಗೆ ಬರುತ್ತಾಳೆ. ಪಕ್ಕದಲ್ಲಿ ಕೂರುವುದಿಲ್ಲ. ಬಂದವಳೇ ಒಂದು ಊದುಬತ್ತಿ ಹಚ್ಚುತ್ತಾಳೆ, ಗಾಳಿಗೆ ಹೊಗೆ ಯಾವ ಕಡೆಗೆ ವಾಲುತ್ತದೆಂದು ನೋಡುತ್ತಾಳೆ, ತನ್ನ ಸ್ಟೂಲನ್ನು ಆ ಕಡೆಗೆ ಎಳೆದುಕೊಳ್ಳುತ್ತಾಳೆ.