ನನ್ನ ಕುರ್ಚಿಗೆ ಬಂದ ಅಪ್ಪ

ಜೂನ್ ೧೨, ಬುಧವಾರ

ಪ್ಲಾಸ್ಟರ್ ಬಿಚ್ಚಿದ ಮೇಲೆ ಬರೆಯುತ್ತಿರುವ ಮೊದಲ ಪುಟ. ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಮಣಿಕಟ್ಟು ಅರ್ಧ ತಿರುಗಿ ನಿಂತುಬಿಡುತ್ತದೆ. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಬೇಸರ ಬಂದಿದೆ.

ಬೆಳಿಗ್ಗೆ ನಮ್ಮ ಸಲೂನಿಗೆ ಹೋದೆ. ಗಿರಾಕಿಗಳೆಲ್ಲ ತಮ್ಮನ ಕುರ್ಚಿಗೇ ಕಾದು ಕುಳಿತಿದ್ದರು. ಅದನ್ನು ನೋಡಿ ಅಪ್ಪ ಬಂದು ನನ್ನ ಕುರ್ಚಿಯಲ್ಲಿ ಕುಳಿತರು.

"ಗಡ್ಡ ಮಾಡೋ. ಕೈ ಮುರಿದ್ರೆ ಕಸುಬೂ ಮುರಿಯುತ್ತಾ?"

ನೊರೆ ಹಚ್ಚಿ ಕತ್ತಿ ಹಿಡಿದೆ. ಕೈ ನಡುಗಲಿಲ್ಲ. ಆದರೆ ಕತ್ತಿ ಕುತ್ತಿಗೆಗೆ ಬಂದಾಗ, ನಂಬಿದವರು ಕಣ್ಣು ಮುಚ್ಚುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವರು ಅಪ್ಪನೇ. ಇವತ್ತು ಅವರು ಕನ್ನಡಿಯಲ್ಲಿ ನನ್ನ ಮಣಿಕಟ್ಟನ್ನೇ ನೋಡುತ್ತಿದ್ದರು.

ನೋವೆಂದು ಸುಳ್ಳು ಹೇಳಿ ಕತ್ತಿಯನ್ನು ತಮ್ಮನಿಗೆ ಕೊಟ್ಟೆ.

ಅಪ್ಪ ಕಣ್ಣು ಮುಚ್ಚಿದರು.